ಮಂಚದ ಕೆಳಗಿನ 310 ಪ್ರತಿಗಳು

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ವಯಸ್ಸು 43, ತಾಲ್ಲೂಕು ಕೇಂದ್ರವೊಂದರ ಸಹಕಾರ ಸಂಘದಲ್ಲಿ ಗುಮಾಸ್ತರು. ನಿದ್ದೆಯಿಲ್ಲ, ಮನೆಯವರ ಮೇಲೆಲ್ಲ ಸಿಡುಕು ಎಂದು ನನ್ನ ಬಳಿ ಆಪ್ತಸಲಹೆಗೆ ಬಂದರು. ಮೊದಲ ಭೇಟಿ ಪೂರ್ತಿ ದುಡ್ಡಿನ ಮಾತೇ ಆಯಿತು. ಚೊಚ್ಚಲ ಕಥಾಸಂಕಲನದ 500 ಪ್ರತಿಗಳ ಖರ್ಚು ಇವರದು, ಹೆಸರು ಮಾತ್ರ ಪ್ರಕಾಶಕರದು. ಐಎಸ್‌ಬಿಎನ್‌ಗೆಂದು (ಪುಸ್ತಕದ ಗುರುತಿನ ಸಂಖ್ಯೆ) ಬೇರೆಯೇ ಹಣ ಪಡೆದಿದ್ದರಂತೆ. ನಮ್ಮ ದೇಶದಲ್ಲಿ ಅದು ಉಚಿತ. ಅಂಗಡಿಯವರು ನೂರಕ್ಕೆ ನಲವತ್ತು ಕಮಿಷನ್ ಹಿಡಿದು, ಉಳಿದದ್ದಕ್ಕೂ ಅಲೆದಾಡಿಸಿದರು. ಈಗ 310 ಪ್ರತಿಗಳು ಮಂಚದ ಕೆಳಗಿವೆ. ಅದೇ ಮಂಚದ ಮೇಲೆ ಇವರಿಗೆ ನಿದ್ದೆ ಬರಬೇಕು!

ಎರಡನೇ ಭೇಟಿಗೆ ಒಂದು ಡೈರಿ ತಂದರು. ಗೌರವ ಪ್ರತಿ ಪಡೆದ 140 ಜನರ ಹೆಸರು, ಕೊಟ್ಟ ತಾರೀಖು, ಎದುರಿಗೆ 'ಓದಿದರು' ಎಂಬ ಕಾಲಂ. ಅದರಲ್ಲಿ ಏಳೇ ಏಳು ಗುರುತು. ಭಾವನ ಹೆಸರಿನ ಮುಂದೆ ಮೂರು ಪ್ರಶ್ನಾರ್ಥಕ ಚಿಹ್ನೆ. "ಸಿಕ್ಕಾಗಲೆಲ್ಲ ಕೇಳುತ್ತೇನೆ ಮೇಡಂ. ಈಗ ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ" ಎಂದರು.

"ನಿಮಗೆ ಬೇರೆ ಲೇಖಕರು ಕೊಟ್ಟ ಪುಸ್ತಕಗಳಲ್ಲಿ ನೀವು ಎಷ್ಟು ಓದಿದ್ದೀರಿ?"

ಬಹಳ ಹೊತ್ತು ಸುಮ್ಮನಿದ್ದರು. "ಹದಿನಾಲ್ಕಿವೆ. ಎರಡು ಓದಿದ್ದೇನೆ." ಆಮೇಲೆ ನಕ್ಕರು. ಇದನ್ನೇ ಮೊದಲ ದಿನ ಕೇಳಿದ್ದರೆ ಎದ್ದು ಹೋಗುತ್ತಿದ್ದರೇನೋ.

ನನ್ನ ಸಲಹೆ ಇಷ್ಟು: ಡೈರಿ ನನ್ನ ಬಳಿ ಇರಲಿ, ಮೂರು ತಿಂಗಳು ಯಾರನ್ನೂ 'ಓದಿದಿರಾ' ಎಂದು ಕೇಳುವಂತಿಲ್ಲ. ಕಟ್ಟುಗಳು ಮಲಗುವ ಕೋಣೆಯಿಂದ ಇವತ್ತೇ ಹೊರಗೆ ಹೋಗಬೇಕು. ಪುಸ್ತಕ ವ್ಯವಹಾರ ನನ್ನ ವಿಷಯವಲ್ಲ, ಆದರೂ ಬಲ್ಲಷ್ಟು ಹೇಳಿದೆ. ಗ್ರಂಥಾಲಯ ಇಲಾಖೆ ಖರೀದಿಗೆ ಅರ್ಜಿ ಕರೆದಾಗ ಹಾಕಿ, ಹಣ ಬರುವವರೆಗೆ ಮರೆತುಬಿಡಿ. ಮುಂದಿನ ಪುಸ್ತಕವನ್ನು ಬೇಡಿಕೆ ನೋಡಿಕೊಂಡು 50 ಪ್ರತಿ ಅಚ್ಚು ಹಾಕಿಸಿದರೂ ನಡೆಯುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಧನಸಹಾಯದ ವಯಸ್ಸು ಇವರಿಗೆ ದಾಟಿತ್ತು. ಕಥೆ ಬರೆಯುವ ಸೋದರಳಿಯನಿಗೆ ತಿಳಿಸುತ್ತೇನೆ ಎಂದು ಬರೆದುಕೊಂಡರು.

ಕೊನೆಗೊಂದು ಮನೆಗೆಲಸ: ಓದದ ಹನ್ನೆರಡರಲ್ಲಿ ಒಂದನ್ನು ಓದಿ, ಬರೆದವರಿಗೆ ಕಾಗದ ಹಾಕುವುದು.

ಮುಂದಿನ ತಿಂಗಳು ಬಂದಾಗ ಮುಖ ತಿಳಿಯಾಗಿತ್ತು. ಆ ಲೇಖಕಿ ಫೋನ್ ಮಾಡಿ ಮುಕ್ಕಾಲು ಗಂಟೆ ಮಾತಾಡಿದರಂತೆ. "ಆದರೆ ನನ್ನ ಪುಸ್ತಕದ ಸುದ್ದಿಯನ್ನೇ ಎತ್ತಲಿಲ್ಲ ಮೇಡಂ."

ಬೇಸರವಾಯಿತೇ ಎಂದೆ.

"ಸ್ವಲ್ಪ" ಎಂದರು.