ಓದಿನ ಟಿಪ್ಪಣಿಗಳನ್ನು ಎಐಗೆ ಜೋಡಿಸುವ ಎಂಸಿಪಿ (ಎಐ ಹೊರಗಿನ ಮಾಹಿತಿ, ಟೂಲ್‌ಗಳನ್ನು ಬಳಸಲು ಇರುವ ಪದ್ಧತಿ) ಸರ್ವರ್ ಅರ್ಧಕ್ಕೆ ನಿಂತಿದೆ, ಮೊದಲು ಏನು ಮುಗಿಸಲಿ?

ನೀವು ಧಾರವಾಡದಲ್ಲಿ ಒಬ್ಬರೇ ಮಾಡುತ್ತಿದ್ದೀರಿ, ಹುಡುಕುವ ಟೂಲ್ ಅಷ್ಟೇ ಆಗಿದೆ ಅಂದಿರಿ. ಹಾಗಾದರೆ ಓದುವ ಭಾಗವನ್ನೇ ಪೂರ್ತಿ ಮಾಡಿ. ಹುಡುಕೋದು, ಒಂದು ಟಿಪ್ಪಣಿ ತೆರೆಯೋದು, ಸದ್ಯಕ್ಕೆ ಎರಡೇ ಸಾಕು. ಬರೆಯುವ, ಅಳಿಸುವ ಟೂಲ್ ಕೊನೆಗಿರಲಿ.

ಜಾಸ್ತಿ ತಲೆನೋವು ಕನ್ನಡದ ಹುಡುಕಾಟದ್ದು. ‘ಬೇಂದ್ರೆ’ಯ ‘ಬೇ’ ಯುನಿಕೋಡ್‌ನಲ್ಲಿ (ಅಕ್ಷರಗಳಿಗೆ ಕಂಪ್ಯೂಟರ್ ಬಳಸುವ ಸಂಕೇತಗಳ ಪಟ್ಟಿ) ಎರಡು ರೀತಿ ಕೂರಬಹುದು: ಏತ್ವ ಒಂದೇ ಸಂಕೇತವಾಗಿ, ಇಲ್ಲವೇ ಎತ್ವದ ಪಕ್ಕ ದೀರ್ಘ ಸೇರಿ. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಟಿಪ್ಪಣಿ ಇದ್ದರೂ ‘ಸಿಗಲಿಲ್ಲ’ ಅಂತ ಬರುತ್ತದೆ. ಎಐ ಪಾಪ, ಅದನ್ನೇ ನಂಬುತ್ತದೆ! ಟಿಪ್ಪಣಿಯನ್ನೂ ಹುಡುಕುವ ಪದವನ್ನೂ ಎನ್‌ಎಫ್‌ಸಿ ರೂಪಕ್ಕೆ (ಇಂಥ ಎರಡು ಬಗೆಯನ್ನೂ ಒಂದೇ ಮಾಡುವ ಯುನಿಕೋಡ್ ರೂಪ) ತಂದು ಆಮೇಲೆ ಹೋಲಿಸಿ. ಪೈಥಾನ್‌ನಲ್ಲಿ ‘ಯುನಿಕೋಡ್‌ಡೇಟಾ’ ಮಾಡ್ಯೂಲ್ ಇದೆ, ಒಂದೇ ಸಾಲಿನ ಕೆಲಸ.

ಸರ್ವರ್ ಎಸ್‌ಟಿಡಿಐಒ ಮೂಲಕ, ಅಂದರೆ ನಿಮ್ಮ ಕಂಪ್ಯೂಟರ್‌ನಲ್ಲೇ ಪ್ರೋಗ್ರಾಮಿನ ಇನ್‌ಪುಟ್, ಔಟ್‌ಪುಟ್ ದಾರಿಯಲ್ಲಿ ಮಾತಾಡುತ್ತಾ ಓಡುತ್ತಿದ್ದರೆ, ಸುಮ್ನೆ ಪ್ರಿಂಟ್ ಹಾಕಬೇಡಿ, ಅದೂ ಅದೇ ಔಟ್‌ಪುಟ್‌ಗೆ ಹೋಗುತ್ತದೆ. ಸ್ಟ್ಯಾಂಡರ್ಡ್ ಔಟ್‌ಪುಟ್‌ನಲ್ಲಿ ಎಂಸಿಪಿಯ ಜೇಸನ್ ಸಂದೇಶಗಳು ಮಾತ್ರ ಹೋಗಬೇಕು. ಲಾಗ್ (ಏನು ನಡೆಯಿತು ಅನ್ನೋ ದಾಖಲೆ) ಎಲ್ಲ ಸ್ಟ್ಯಾಂಡರ್ಡ್ ಎರರ್ ಅನ್ನೋ ಬೇರೆ ದಾರಿಗೆ ಕಳಿಸಿ. ಎಂಸಿಪಿ ಸರ್ವರ್ ಪರೀಕ್ಷಿಸುವ ಎಂಸಿಪಿ ಇನ್‌ಸ್ಪೆಕ್ಟರ್‌ನಲ್ಲಿ ಪ್ರತಿ ಟೂಲ್ ಓಡಿಸಿ ನೋಡಿದ ಮೇಲೆ ಎಐಗೆ ಜೋಡಿಸಿ.

ಹುಬ್ಬಳ್ಳಿಯ ಗೆಳೆಯರಿಗೂ ಕೊಡಬೇಕು ಅಂದಿದ್ದಿರಿ ಅಲ್ವಾ? ಅವರು ನೆಟ್ ಮೂಲಕ ನಿಮ್ಮ ಸರ್ವರ್‌ನ್ನೇ ಬಳಸಬೇಕಾದರೆ ಎಚ್‌ಟಿಟಿಪಿ ಬೇಕು, ಲಾಗಿನ್ ಬೇಕು. ಅದು ಎರಡನೇ ಆವೃತ್ತಿಗೆ ಇರಲಿ.