ಎನ್ಸೆಲಡಸ್‌ನಿಂದ ಕಾಣುವ ಶನಿ ಚಿತ್ರದಲ್ಲಿ ಅಂಟಿಸಿದ ಹಾಗೆ ಕಾಣುವುದೇಕೆ?

ಪುಣೆಯಲ್ಲಿದ್ದೀರಿ, 60 ಸೆಂ.ಮೀ. ಅಗಲದ ಕ್ಯಾನ್ವಾಸ್ ಮೇಲೆ ಅಕ್ರಿಲಿಕ್‌ನಲ್ಲಿ ಶನಿಯ ಉಪಗ್ರಹ ಎನ್ಸೆಲಡಸ್‌ನ ನೆಲ, ಮೇಲೆ ಉಂಗುರ ತೊಟ್ಟ ಶನಿ ಬರೆದಿದ್ದೀರಿ. ಗ್ರಹ ಮಾತ್ರ ಅಂಟಿಸಿದ ಹಾಗಿದೆ ಅಂದಿರಿ. ಇದರಲ್ಲಿ ಬಣ್ಣದ ತಪ್ಪು ಕಡಿಮೆ. ಅಳತೆ ಮತ್ತು ಬೆಳಕು ಒಂದಕ್ಕೊಂದು ಕೂಡಿಬರದಿದ್ದರೆ ಹೀಗಾಗುತ್ತದೆ.

ಮೊದಲು ಕೋನ. ಚಿತ್ರದ ಅಗಲವನ್ನು 60 ಡಿಗ್ರಿ ನೋಟ ಅಂತ ಇಟ್ಟುಕೊಂಡರೆ ಡಿಗ್ರಿಗೆ ಸುಮಾರು 1 ಸೆಂ.ಮೀ. ಶನಿಯ ವ್ಯಾಸ ಸುಮಾರು 1,20,500 ಕಿ.ಮೀ., ಎನ್ಸೆಲಡಸ್ ಇರುವುದು 2,38,000 ಕಿ.ಮೀ. ದೂರದಲ್ಲಿ. ಹಾಗಾಗಿ ಶನಿ 29 ಡಿಗ್ರಿ, ಅಂದರೆ ಸುಮಾರು 29 ಸೆಂ.ಮೀ. ಅಗಲ. ಆದರೆ ಕೈವಾರ ಹಿಡಿಯಬೇಡಿ. ಶನಿ ಧ್ರುವಗಳ ಕಡೆ ಹತ್ತರಲ್ಲೊಂದು ಪಾಲು ಚಪ್ಪಟೆ, ಎತ್ತರ 26 ಸೆಂ.ಮೀ. ಸಾಕು. ದಪ್ಪ ರಟ್ಟಿನ ಮೇಲೆ 12.8 ಸೆಂ.ಮೀ. ಅಂತರದಲ್ಲಿ ಎರಡು ಗುಂಡುಸೂಜಿ ಚುಚ್ಚಿ, ಗಂಟಿನಿಂದ ಗಂಟಿಗೆ 29 ಸೆಂ.ಮೀ. ಇರುವ ದಾರ ಕಟ್ಟಿ, ಪೆನ್ಸಿಲ್‌ನಿಂದ ದಾರ ಬಿಗಿಹಿಡಿದು ಸುತ್ತಿಸಿ. ಆ ಗೆರೆಯ ಮೇಲೆ ಕತ್ತರಿಸಿ ತೆಗೆದ ರಟ್ಟನ್ನು ಎಸೆಯಬೇಡಿ, ಕೊನೆಗೆ ಬೇಕಾಗುತ್ತದೆ.

ಉಂಗುರಗಳದ್ದೇ ದೊಡ್ಡ ತೊಡಕು. ಎನ್ಸೆಲಡಸ್ ಸುತ್ತುವುದು ಉಂಗುರಗಳ ಸಮತಲದಲ್ಲೇ. ಅಲ್ಲಿಂದ ಅವು ಗ್ರಹದ ನಡುವೆ ಹಾದ ಒಂದು ತೆಳು ಗೆರೆ, ಅಷ್ಟೇ. ಅವುಗಳ ನೆರಳು ಮಾತ್ರ ಗೋಳದ ಮೇಲೆ ಬಾಗಿದ ಕಪ್ಪು ಪಟ್ಟಿಗಳಾಗಿ ಬೀಳುತ್ತದೆ, ನನಗಂತೂ ಅದು ಉಂಗುರಕ್ಕಿಂತ ಚೆಂದ. ತೆರೆದ ಉಂಗುರವೇ ಬೇಕು ಅಂದರೆ ನಿಲ್ಲುವ ಜಾಗ ಬದಲಿಸಿ. ಶನಿಯ ಇನ್ನೊಂದು ಉಪಗ್ರಹ ಇಯಾಪೆಟಸ್‌ನ ಕಕ್ಷೆ ಉಂಗುರಗಳಿಗೆ ಸುಮಾರು 15 ಡಿಗ್ರಿ ಓರೆ. ಆದರೆ ಅಲ್ಲಿಂದ ಶನಿ 2 ಡಿಗ್ರಿ ಮಾತ್ರ, ಆಗ ಕ್ಯಾನ್ವಾಸ್ ಅಗಲವನ್ನು 20 ಡಿಗ್ರಿಗೆ ಇಳಿಸಿ: ಗ್ರಹ 6 ಸೆಂ.ಮೀ., ಉಂಗುರ ಸೇರಿ 13. ಶನಿಯ ಮತ್ತೊಂದು ಉಪಗ್ರಹ ಟೈಟನ್ ಬೇಡ. ಬಾಹ್ಯಾಕಾಶ ಚಿತ್ರಕಾರ ಚೆಸ್ಲಿ ಬೋನ್‌ಸ್ಟೆಲ್ 1944ರಲ್ಲಿ ಅಲ್ಲಿಂದ ಬರೆದ ಶನಿ ಇಂದಿಗೂ ಬೆರಗು ಹುಟ್ಟಿಸುತ್ತದೆ, ಆದರೆ ಅಲ್ಲಿನ ಕಿತ್ತಳೆ ಮಬ್ಬಿನಲ್ಲಿ ಶನಿ ಹಾಗೆ ಕಾಣದು.

ಇನ್ನು ಬೆಳಕು. ನೆಲದ ನೆರಳು ಬಲಕ್ಕೆ ಬಿದ್ದಿದ್ದರೆ ಶನಿಯ ಎಡಭಾಗವೇ ಬೆಳಗಬೇಕು. ಅಲ್ಲಿ ಸೂರ್ಯ ನಮಗೆ ಕಾಣುವುದರ ಒಂಬತ್ತರಲ್ಲೊಂದು ಪಾಲಿಗಿಂತಲೂ ಚಿಕ್ಕದು, ಹಾಗಾಗಿ ನೆರಳಿನ ಅಂಚು ಬ್ಲೇಡಿನಿಂದ ಕೊಯ್ದಂತಿರುತ್ತದೆ. ಗಾಳಿ ಇಲ್ಲದ್ದರಿಂದ ದೂರದ ದಿಬ್ಬಕ್ಕೆ ಸಹ್ಯಾದ್ರಿಯ ನೀಲಿ ಮಬ್ಬು ಹಾಕುವಂತಿಲ್ಲ. ಸಮನೆಲದಲ್ಲಿ ನಿಂತವರಿಗೆ ದಿಗಂತ 900 ಮೀಟರ್ ಆಚೆಗೇ ಮುಗಿಯುತ್ತದೆ, ಅಷ್ಟು ಚಿಕ್ಕ ಲೋಕ ಅದು.

ಅಭ್ಯಾಸಕ್ಕೆ ಗಣಪತಿ ಮಾಡುವ ಕಾರ್ಖಾನೆಯಿಂದ ಒಡೆದ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಚೂರು ತನ್ನಿ, ಅದೇ ಎನ್ಸೆಲಡಸ್‌ನ ನೆಲ ಅಂದುಕೊಳ್ಳಿ. ಕತ್ತಲೆ ಕೋಣೆಯಲ್ಲಿ ಹರಡಿ, 2 ಮೀಟರ್ ದೂರದಿಂದ ಒಂದೇ ಚಿಕ್ಕ ಎಲ್‌ಇಡಿ ಹಾಯಿಸಿ. ಆಮೇಲೆ ನೆರಳಿನ ಕಡೆ ತಿಳಿಹಳದಿ ಕಾಗದ ಹಿಡಿಯಿರಿ. ನೆರಳಿನೊಳಗೆ ಸಣ್ಣಗೆ ಹಳದಿ ಇಳಿಯುತ್ತದಲ್ಲ, ಶನಿಯಿಂದ ಪ್ರತಿಫಲಿಸಿ ನೆಲದ ನೆರಳಿಗೆ ಬೀಳುವ ಬೆಳಕೂ ಹಾಗೆಯೇ. ಇದನ್ನು ಬಿಟ್ಟರೆ ನೆಲಕ್ಕೂ ಗ್ರಹಕ್ಕೂ ಸಂಬಂಧವೇ ಹುಟ್ಟುವುದಿಲ್ಲ.

ಹಗಲು-ಇರುಳಿನ ಗಡಿಯನ್ನು ಒಂದೇ ಸಲಕ್ಕೆ ತೀಡಲು ಹೋದರೆ ಪುಣೆಯ ಏಪ್ರಿಲ್ ಒಣಹವೆಯಲ್ಲಿ ಬಣ್ಣ ನಿಮಿಷಗಳಲ್ಲಿ ಒಣಗಿ ಗೆರೆ ನಿಲ್ಲುತ್ತದೆ. ಅಲ್ಟ್ರಾಮರೀನ್, ಬರ್ನ್ಟ್ ಅಂಬರ್ ಬೆರೆಸಿ, ಅಕ್ರಿಲಿಕ್ ಮೀಡಿಯಂನಲ್ಲಿ (ಬಣ್ಣವಿಲ್ಲದ ಅಂಟುದ್ರವ) ತೆಳು ಮಾಡಿ ಐದಾರು ಪದರ ಕೊಡಿ, ಪ್ರತಿ ಪದರವೂ ಒಣಗಲಿ. ಮುಂಬಯಿಯ ಜುಲೈನಲ್ಲಾದರೆ ಮೇಲೆ ಒಣಗಿದಂತಿದ್ದರೂ ಒಳಗೆ ಹಸಿಯಿರುತ್ತದೆ, ಅಂಚಿಗೆ ಅಂಟಿಸಿದ ಮಾಸ್ಕಿಂಗ್ ಟೇಪ್ ಕಿತ್ತರೆ ಬಣ್ಣವೂ ಬರುತ್ತದೆ, ರಾತ್ರಿಯಿಡೀ ಬಿಡಿ.

ನಕ್ಷತ್ರಕ್ಕೆ ಟೈಟಾನಿಯಂ ವೈಟ್ ಅನ್ನು ಹಾಲಿನ ಹದಕ್ಕೆ ತೆಳುಮಾಡಿ, ಹಲ್ಲುಜ್ಜುವ ಬ್ರಷ್‌ನಿಂದ ಚಿಮುಕಿಸಿ. ಆಗ ಮೊದಲು ಕತ್ತರಿಸಿಟ್ಟ ಆ ರಟ್ಟು ಇಡೀ ಶನಿಯನ್ನು ಮುಚ್ಚಿರಲಿ. ಗ್ರಹದ ಕತ್ತಲೆ ಭಾಗದಲ್ಲಿ ಒಂದು ಚುಕ್ಕೆ ಬಿದ್ದರೂ ಗೋಳ ತೂತುಬಿದ್ದ ಹಾಗೆ ಕಾಣುತ್ತದೆ. ಕ್ಯಾನ್ವಾಸ್‌ನ ನೇಯ್ಗೆಯೂ ದೀಪದಡಿ ಸುಳ್ಳು ನಕ್ಷತ್ರ ತೋರಿಸುತ್ತದೆ; ಅದಕ್ಕೇ ಬಣ್ಣ ಹಚ್ಚುವ ಮೊದಲೇ ಜೆಸ್ಸೋ (ಬಿಳಿ ತಳಬಣ್ಣ) ಮೂರು ಕೋಟ್, ನಡುನಡುವೆ 400 ನಂಬರಿನ ಉಜ್ಜುಕಾಗದ, ಕೊನೆಗೆ ಮ್ಯಾಟ್ ವಾರ್ನಿಶ್. ವಾರ್ನಿಶ್ ಮಾತ್ರ ಮಳೆ ಹಿಡಿದ ದಿನ ಬೇಡ, ಕಪ್ಪು ಆಕಾಶದ ಮೇಲೆ ಬಿಳಿ ಮಂಕು ಕೂರುತ್ತದೆ.