‘ಪೇತ್ರನ ಹಾಗೆ ನಾನೂ ಯೇಸುವನ್ನು ಅಲ್ಲಗಳೆದೆನಾ?’: ಒಬ್ಬ ಪ್ರೊಫೆಸರ್ ತಂದ ಪ್ರಶ್ನೆ

ಇದನ್ನು ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ, ಕೆಲವನ್ನು ಬಿಟ್ಟೇ ಬಿಟ್ಟಿದ್ದೇನೆ. ಹೆಸರಿನ ಬದಲು ಪ್ರೊಫೆಸರ್ ಎಂದೇ ಕರೆಯುತ್ತೇನೆ. ವಯಸ್ಸು 50ರ ಹತ್ತಿರ. ಭೌತಶಾಸ್ತ್ರ ಕಲಿಸುತ್ತಾರೆ. ಭಾನುವಾರದ ಆರಾಧನೆ ತಪ್ಪಿಸಿದವರಲ್ಲ, ವಾರಕ್ಕೊಂದು ದಿನ ತಮ್ಮ ಸಭೆಯ (ಚರ್ಚಿನ) ಹೆಂಗಸರಿಗೆ ಬೈಬಲ್ ಅಧ್ಯಯನವನ್ನೂ ನಡೆಸುತ್ತಾರೆ.

ಆಪ್ತಸಲಹೆಗಾರನಾದ ನನ್ನ ಬಳಿ ಬಂದಿದ್ದು ನಿದ್ದೆ ಬರುವುದಿಲ್ಲ ಎಂದು. ಮೂರು ವಾರದಿಂದ ರಾತ್ರಿ ಎರಡಕ್ಕೋ ಎರಡೂವರೆಗೋ ಎಚ್ಚರ ಆಗುತ್ತದೆ, ಆಮೇಲೆ ಬೆಳಗಿನವರೆಗೆ ಹಾಗೇ ಕೂತಿರುತ್ತಾರೆ. ಏನಾಯಿತು ಮೇಡಂ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ತರಗತಿಯ ವಿಷಯ ಹೇಳಿದರು.

ಎಂಎಸ್ಸಿ ತರಗತಿ. ಬ್ರಹ್ಮಾಂಡ ಹಿಗ್ಗುತ್ತಿದೆ ಎಂಬ ಪಾಠ. ಮುಗಿಯುವ ಹೊತ್ತಿಗೆ ಒಬ್ಬ ಹುಡುಗಿ ಕೈ ಎತ್ತಿ ಕೇಳಿದಳು: “ಮೇಡಂ, ಇಷ್ಟೆಲ್ಲ ಹೇಳಿದ್ರಿ, ನೀವು ದೇವರನ್ನ ನಂಬ್ತೀರಾ?” ಇವರು ಬಾಯಿಗೆ ಬಂದ ಮಾತು ಹೇಳಿಬಿಟ್ಟರು. “ಅದು ಸಿಲಬಸ್‌ನಲ್ಲಿ ಇಲ್ಲ.” ತರಗತಿ ನಕ್ಕಿತು. ಹುಡುಗಿ ಕೂತುಕೊಂಡಳು.

“ಬೋರ್ಡ್ ಒರೆಸುವಾಗ ನನ್ನ ಕೈ ನಡುಗ್ತಿತ್ತು ಸರ್,” ಎಂದರು. “ಅಷ್ಟು ವರ್ಷದಿಂದ ಪ್ರಾರ್ಥನೆ ಮಾಡಿದ್ದೆ, ಒಂದು ಅವಕಾಶ ಕೊಡಪ್ಪಾ ಅಂತ. ಕೊಟ್ಟಾಗ ಜನ ನಗೋ ಹಾಗೆ ಉತ್ತರ ಕೊಟ್ಟೆ. ಪೇತ್ರನ ಹಾಗೆ ನಾನೂ ಯೇಸುವನ್ನ ಅಲ್ಲಗಳೆದೆ ಅಲ್ವಾ?”

ಯೇಸುವನ್ನು ಹಿಡಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ, ಅವರ ಶಿಷ್ಯ ಪೇತ್ರ ‘ಅವನನ್ನು ನಾನರಿಯೆ’ ಎಂದು ಮೂರು ಸಲ ಹೇಳಿದ್ದ. ಪ್ರೊಫೆಸರ್ ಕೇಳಿದ ಪ್ರಶ್ನೆಗೆ ನಾನು ತಕ್ಷಣ ಉತ್ತರ ಕೊಡಲಿಲ್ಲ. ಊಟ ಹೇಗಿದೆ, ಕೆಲಸದಲ್ಲಿ ಮನಸ್ಸು ನಿಲ್ಲುತ್ತದೆಯೇ, ಬದುಕೇ ಬೇಡ ಎನಿಸಿದ್ದಿದೆಯೇ, ಹಿಂದೆ ಯಾವಾಗಲಾದರೂ ಹೀಗಾಗಿತ್ತೇ ಎಂದು ಮೊದಲು ವಿಚಾರಿಸಿದೆ. ದೇವರ ವಿಷಯ ತಂದವರ ಬಳಿ ದೇಹದ ವಿಷಯ ಕೇಳುವುದನ್ನು ನಾವು ಬಿಡಬಾರದು. ಖಿನ್ನತೆ ಕೂಡ ಕೆಲವೊಮ್ಮೆ ಪಾಪಪ್ರಜ್ಞೆಯ ವೇಷದಲ್ಲೇ ಬರುತ್ತದೆ. ಇವರಲ್ಲಿ ಅಂಥ ಅಪಾಯ ಕಾಣಲಿಲ್ಲ. ಆದರೆ ಒಂದು ಸಂಗತಿ ಬರೆದಿಟ್ಟುಕೊಂಡೆ. ಇದೇ ಒಂದು ಮಾತಿಗಾಗಿ ರಾತ್ರಿಗೆ ಹತ್ತು ಹನ್ನೆರಡು ಸಲ ಕ್ಷಮೆ ಬೇಡುತ್ತಿದ್ದರು. ಬೇಡಿದ ಮೇಲೂ ಸಮಾಧಾನ ಐದು ನಿಮಿಷ ನಿಲ್ಲುತ್ತಿರಲಿಲ್ಲ.

ಕ್ರೈಸ್ತ ಧರ್ಮಸುಧಾರಕ ಮಾರ್ಟಿನ್ ಲೂಥರ್ ಕೂಡ ಪ್ರೊಫೆಸರ್ ಆಗಿದ್ದರು ಎಂಬುದು ತುಂಬಾ ಜನರಿಗೆ ನೆನಪಿರುವುದಿಲ್ಲ. 1512ರಲ್ಲಿ ಜರ್ಮನಿಯ ವಿಟೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಬೈಬಲ್ ಕಲಿಸುವ ಪೀಠಕ್ಕೆ ಬಂದರು. ಸನ್ಯಾಸಿಯಾಗಿದ್ದ ದಿನಗಳಲ್ಲಿ ಸಣ್ಣಪುಟ್ಟ ತಪ್ಪನ್ನೆಲ್ಲ ಹೆಕ್ಕಿ ಹೆಕ್ಕಿ ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದರು. ಕೇಳಿಸಿಕೊಳ್ಳುತ್ತಿದ್ದ ಹಿರಿಯರು ಸ್ಟೌಪಿಟ್ಸ್. ಲೂಥರ್ ಡಾಕ್ಟರೇಟ್ ಪಡೆದು ಪಾಠ ಹೇಳಬೇಕು ಎಂದು ಒತ್ತಾಯಿಸಿದವರೂ ಅವರೇ. ತನ್ನೊಳಗನ್ನೇ ಅಗೆಯುತ್ತಾ ಕೂತಿದ್ದವನಿಗೆ ಬೇರೆಯವರಿಗೆ ಕಲಿಸುವ ಕೆಲಸ ಕೊಟ್ಟರು. ಇದನ್ನು ಪ್ರೊಫೆಸರ್‌ಗೆ ಹೇಳಿ, ಒಂದು ಕೆಲಸ ಕೊಟ್ಟು ಕಳಿಸಿದೆ. ರಾತ್ರಿ ಎಚ್ಚರವಾದರೆ ಒಂದೇ ಸಲ ಪ್ರಾರ್ಥಿಸಿ, ಎರಡನೇ ಸಲ ಕ್ಷಮೆ ಕೇಳಬೇಕೆನಿಸಿದರೆ ‘ಕೇಳಿದ್ದಾಗಿದೆ’ ಎಂದು ಕಾಗದದಲ್ಲಿ ಬರೆದು ಮಲಗಿ. ಹೀಗೆ ಮಾಡಿಯೂ ಅದೇ ಚಕ್ರ ತಿರುಗುತ್ತಿದ್ದರೆ ಮನೋವೈದ್ಯರನ್ನು ನೋಡಲೇಬೇಕು ಎಂದೂ ಹೇಳಿದೆ.

ಎರಡನೇ ಸಲ ಬಂದಾಗ ನಿದ್ದೆ ಸ್ವಲ್ಪ ವಾಸಿ, ದುಃಖ ಮಾತ್ರ ಹಾಗೇ ಇತ್ತು. ಅವತ್ತು ಸಭೆಯ ವಿಷಯ ಬಂತು. ಒಬ್ಬ ಹಿರಿಯರು ಪದೇ ಪದೇ ಕೇಳುತ್ತಾರಂತೆ, “ಅಷ್ಟು ಜನ ಯುವಕರು ದಿನಾ ನಿಮ್ಮ ಮುಂದೆ ಕೂತಿರ್ತಾರೆ, ಎಷ್ಟು ಜನಕ್ಕೆ ಸುವಾರ್ತೆ ಹೇಳಿದ್ದೀರಿ?” ಈ ಮಾತು ಇವರನ್ನು ಒಳಗೊಳಗೇ ತಿನ್ನುತ್ತಿತ್ತು. ಹಿಂದೊಮ್ಮೆ ಇದೇ ಒತ್ತಡದಲ್ಲಿ, ತಾವು ಪ್ರಾಜೆಕ್ಟ್ ಗೈಡ್ ಮಾಡುತ್ತಿದ್ದ ಒಬ್ಬ ಹುಡುಗನನ್ನು ಆರಾಧನೆಗೆ ಕರೆದಿದ್ದರು. ಅವನು ಬಂದ. ಮೂರು ಭಾನುವಾರ ಮುಂದಿನ ಸಾಲಿನಲ್ಲೇ ಕೂತ. ಆಮೇಲೆ ಬರಲಿಲ್ಲ. “ಬೀಜ ಕಲ್ಲಿನ ಮೇಲೆ ಬಿತ್ತು ಅನ್ಸತ್ತೆ,” ಎಂದರು ಬೇಸರದಿಂದ.

ನಾನು ಕೇಳಿದೆ, ಪ್ರಾಜೆಕ್ಟಿನ ಅಂಕ ಯಾವಾಗ ಕೊಟ್ಟಿರಿ ಮೇಡಂ?

ಲೆಕ್ಕ ಹಾಕಿದರು. ಮೂರನೇ ಭಾನುವಾರ ಆದ ವಾರ.

ತುಂಬಾ ಹೊತ್ತು ಇಬ್ಬರೂ ಮಾತಾಡಲಿಲ್ಲ. ಅವರ ಕಣ್ಣಲ್ಲಿ ನೀರು ಬಂತು. “ಅವನು ದೇವರ ಹತ್ರ ಬಂದಿರಲಿಲ್ಲ. ನನ್ನ ಹತ್ರ ಬಂದಿದ್ದ.”

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಕಲಿಸುವ ವೃತ್ತಿಯಲ್ಲಿರುವ ವಿಶ್ವಾಸಿಗಳು ಬಂದಾಗಲೆಲ್ಲ ಇದು ಎದುರಾಗುತ್ತದೆ. ಪ್ರೊಫೆಸರ್ ಕೈಯಲ್ಲಿ ಅಂಕ ಇದೆ, ಹಾಜರಾತಿ ಇದೆ, ಶಿಫಾರಸು ಪತ್ರ ಇದೆ, ಪಿಎಚ್‌ಡಿ ಹುಡುಗರ ವಿಷಯದಲ್ಲಂತೂ ಅವರ ಮುಂದಿನ ಹತ್ತು ವರ್ಷವೇ ಇದೆ. ಇಷ್ಟೆಲ್ಲ ಕೈಯಲ್ಲಿಟ್ಟುಕೊಂಡು ‘ಬಾ’ ಎಂದರೆ, ಕೇಳುವವನಿಗೆ ‘ಇಲ್ಲ’ ಎನ್ನುವ ದಾರಿ ಇರುವುದಿಲ್ಲ. ಇಲ್ಲ ಎನ್ನಲು ಆಗದವನು ಹೌದು ಎಂದರೆ ಆ ಹೌದಿಗೆ ಏನು ಬೆಲೆ? ಯೇಸು ಶ್ರೀಮಂತ ಯುವಕನನ್ನು ಕರೆದರು, ಅವನು ದುಃಖದಿಂದ ಹೊರಟುಹೋದ, ಅವರು ಹೋಗಲು ಬಿಟ್ಟರು. ಹಿಂದೆ ಓಡಿಹೋಗಿ ಎಳೆದು ತರಲಿಲ್ಲ. ಹಾಗಾಗಿ ನನ್ನ ಸಲಹೆ ನೇರವಾಗಿತ್ತು: ನೀವು ಅಂಕ ಕೊಡಬೇಕಾದ ಯಾರನ್ನೂ, ಅಂಕ ಕೊಟ್ಟು ಮುಗಿಯುವವರೆಗೆ, ಆರಾಧನೆಗೆ ಕರೆಯಬೇಡಿ. ವಿಶ್ವವಿದ್ಯಾಲಯದ ನಿಯಮ ಏನು ಹೇಳುತ್ತದೆ ಎಂದು ಓದಿಕೊಳ್ಳಿ. ನಿಯಮ ಅವಕಾಶ ಕೊಟ್ಟರೂ ನೀವು ಕರೆಯಬೇಡಿ.

“ಹಾಗಾದ್ರೆ ಬಾಯಿ ಮುಚ್ಕೊಂಡಿರ್ಬೇಕಾ?” ಎಂದರು ಸ್ವಲ್ಪ ಸಿಟ್ಟಿನಿಂದಲೇ. ಆ ಸಿಟ್ಟು ನನಗೆ ಒಳ್ಳೆಯ ಲಕ್ಷಣವೆನಿಸಿತು.

ಇಲ್ಲ. ಪೇತ್ರನ ಮೊದಲ ಪತ್ರದ 3ನೇ ಅಧ್ಯಾಯದ 15ನೇ ವಚನ ಅವರಿಗೆ ಬಾಯಿಪಾಠ. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆಲ್ಲ ಉತ್ತರ ಹೇಳಲು ಸಿದ್ಧವಾಗಿರಿ, ಆದರೆ ಸೌಮ್ಯವಾಗಿ ಗೌರವದಿಂದ ಹೇಳಿ ಎಂಬುದು ಅದರ ಅರ್ಥ. ಅಲ್ಲಿ ಮೊದಲು ಒಬ್ಬರು ಕೇಳುತ್ತಾರೆ. ಆಮೇಲೆ ಉತ್ತರ. ಆ ಹುಡುಗಿ ಕೇಳಿದ್ದಳಲ್ಲ, ಅವಳಿಗೆ ಎರಡು ವಾಕ್ಯದ ನಿಜವಾದ ಉತ್ತರ ಸಾಕಿತ್ತು. ‘ಹೌದು, ನಂಬುತ್ತೇನೆ, ನಾನು ಕ್ರೈಸ್ತಳು. ಇದು ನನ್ನ ವೈಯಕ್ತಿಕ ಮಾತು, ಪರೀಕ್ಷೆಗೂ ಇದಕ್ಕೂ ಸಂಬಂಧ ಇಲ್ಲ, ನಿಮ್ಮಲ್ಲಿ ಯಾರು ಬೇರೆ ಥರ ಯೋಚಿಸಿದರೂ ನನಗೆ ಅಷ್ಟೇ ಗೌರವ.’ ಇದನ್ನು ನನ್ನೆದುರು ಮೂರು ನಾಲ್ಕು ಸಲ ಹೇಳಿ ಅಭ್ಯಾಸ ಮಾಡಿದರು. ಮೊದಲ ಸಲ ಭಾಷಣವಾಯಿತು. ಕಡೆಯ ಸಲ ಸರಿಯಾಯಿತು.

ಅವರ ಪಾಠದಲ್ಲೇ ಇದಕ್ಕೊಬ್ಬ ಸಾಕ್ಷಿ ಇದ್ದರು. ಬ್ರಹ್ಮಾಂಡ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದ ಜಾರ್ಜ್ ಲಮೇತ್ರ ಬೆಲ್ಜಿಯಮ್ಮಿನ ಕ್ಯಾಥೊಲಿಕ್ ಪಾದ್ರಿ, ಲೂವೆನ್‌ನಲ್ಲಿ ಪ್ರೊಫೆಸರ್. 1951ರಲ್ಲಿ ಪೋಪ್ 12ನೇ ಪಿಯಸ್ ಅವರು ಈ ಹೊಸ ವಿಜ್ಞಾನ ಸೃಷ್ಟಿಯ ಮಾತಿಗೆ ಬೆಂಬಲ ಕೊಡುತ್ತದೆ ಎಂಬರ್ಥದಲ್ಲಿ ಮಾತಾಡಿದಾಗ ಲಮೇತ್ರ ಅವರಿಗೆ ಅದು ಇಷ್ಟವಾಗಲಿಲ್ಲ. ತಮ್ಮ ಸಮೀಕರಣವನ್ನು ದೇವರ ಪರ ಪುರಾವೆಯಾಗಿ ಬಳಸಲು ಅವರು ಒಪ್ಪುತ್ತಿರಲಿಲ್ಲ. ಆದರೂ ಪಾದ್ರಿಯ ಉಡುಪನ್ನು ಬಚ್ಚಿಡಲಿಲ್ಲ. ನಮ್ಮ ಪ್ರೊಫೆಸರ್ ಎಷ್ಟೋ ವರ್ಷದಿಂದ ಇದೇ ಪಾಠ ಮಾಡುತ್ತಿದ್ದರೂ ಲಮೇತ್ರ ಪಾದ್ರಿ ಎಂದು ಒಮ್ಮೆಯೂ ತರಗತಿಯಲ್ಲಿ ಹೇಳಿರಲಿಲ್ಲ, ಹೇಳಿದರೆ ಪ್ರಚಾರ ಅಂದುಕೊಳ್ಳುತ್ತಾರೆ ಎಂಬ ಅಂಜಿಕೆ. ಅದು ಇತಿಹಾಸ ಮೇಡಂ, ಹೇಳಿ ಎಂದೆ. ಪೋಪ್ ವಿಷಯದ ಅಸಮಾಧಾನವನ್ನೂ ಸೇರಿಸಿ ಹೇಳಿ.

ಮೂರನೇ ಭೇಟಿ ನಾನು ಮರೆಯುವುದಿಲ್ಲ.

ಅವತ್ತು ಮತ್ತಾಯ 10ನೇ ಅಧ್ಯಾಯದ ವಚನವೊಂದನ್ನು ತೋರಿಸಬೇಕು ಎಂದರು. ಮನುಷ್ಯರ ಮುಂದೆ ನನ್ನನ್ನು ಅರಿಯೆನೆಂದು ಹೇಳುವವನನ್ನು ನಾನೂ ತಂದೆಯ ಮುಂದೆ ಅರಿಯೆನು ಎಂಬ ಯೇಸುವಿನ ಮಾತು. ಬ್ಯಾಗಿನಿಂದ ಬೈಬಲ್ ತೆಗೆದರು. ಅದರ ಜೊತೆಗೇ ಒಂದು ಕಾಗದದ ಕಟ್ಟು ಎದ್ದು ಬಂತು. ಸ್ಪೈರಲ್ ಬೈಂಡ್ ಮಾಡಿದ್ದು, ಮೂಲೆಗಳು ಮಡಚಿ ಮೆತ್ತಗಾಗಿದ್ದವು, ಮೇಲಿನ ಹಾಳೆಯ ಮೇಲೆ ಟೀ ಲೋಟದ ಗುಂಡನೆ ಕಲೆ. ಒಳಗೆ ಎಲ್ಲೂ ಒಂದು ಗೆರೆ ಹಾಕಿರಲಿಲ್ಲ.

ಇದೇನು ಎಂದು ಕೇಳಿದೆ. ಪಿಎಚ್‌ಡಿ ವಿದ್ಯಾರ್ಥಿಯ ಥೀಸಿಸ್ಸಿನ ಮೂರನೇ ಚಾಪ್ಟರ್. ಯಾವಾಗ ಕೊಟ್ಟಿದ್ದು? “ನಾಲ್ಕು ತಿಂಗಳಾಯ್ತು.” ಅವನ ಫೆಲೋಶಿಪ್ ಯಾವಾಗ ಮುಗಿಯುತ್ತದೆ? “ಮುಂದಿನ ತಿಂಗಳು.” ಕೇಳುತ್ತಿರುತ್ತಾನಾ? “ಮೊದಲು ಕೇಳ್ತಿದ್ದ. ಈಗ ಕಾರಿಡಾರ್‌ನಲ್ಲಿ ಸಿಕ್ಕಿದ್ರೆ ಗುಡ್ ಮಾರ್ನಿಂಗ್ ಮೇಡಂ ಅಂದು ಹೋಗ್ತಾನೆ.”

ಹೇಳುತ್ತಾ ಹೇಳುತ್ತಾ ಅವರ ಧ್ವನಿ ಇಳಿಯಿತು. ತೊಡೆಯ ಮೇಲೆ ಎರಡೂ ಇದ್ದವು, ಬೈಬಲ್ಲು ಮತ್ತು ಆ ಚಾಪ್ಟರ್. ನಾನು ಏನೂ ಹೇಳುವ ಅಗತ್ಯ ಬೀಳಲಿಲ್ಲ.

ಈ ಪ್ರಕರಣದಲ್ಲಿ ಎರಡು ಪಾಪಪ್ರಜ್ಞೆ ಒಂದೇ ಗಂಟಿನಲ್ಲಿ ಕಟ್ಟಿಕೊಂಡಿದ್ದವು. ಒಂದು ಮಸುಕು. ‘ನಾನು ಸಾಕಷ್ಟು ಸಾಕ್ಷಿ ಹೇಳಲಿಲ್ಲ’ ಎಂಬುದು. ಎಷ್ಟು ಹೇಳಿದರೆ ಸಾಕು? ಅದಕ್ಕೆ ಅಳತೆ ಇಲ್ಲ, ಹಾಗಾಗಿ ಎಷ್ಟು ಕ್ಷಮೆ ಕೇಳಿದರೂ ಅದು ತೀರುವುದಿಲ್ಲ. ಇನ್ನೊಂದಕ್ಕೆ ಒಬ್ಬ ಮನುಷ್ಯನ ಮುಖ ಇದೆ, ತಾರೀಖು ಇದೆ, ಮಾಡಬಹುದಾದ ಕೆಲಸ ಇದೆ. ಮನಸ್ಸು ಎಷ್ಟೋ ಸಲ ಎರಡನೆಯದರಿಂದ ತಪ್ಪಿಸಿಕೊಳ್ಳಲು ಮೊದಲನೆಯದನ್ನು ಅಪ್ಪಿಕೊಳ್ಳುತ್ತದೆ. ದೇವರ ಬಳಿ ಹತ್ತು ಸಲ ಅಳುವುದು, ವಿದ್ಯಾರ್ಥಿಯ ಬಳಿ ಒಂದು ಸಲ ‘ತಪ್ಪಾಯಿತು’ ಎನ್ನುವುದಕ್ಕಿಂತ ಸುಲಭ. ಇದು ನನ್ನ ಅನುಭವದ ಮಾತು.

ಪೇತ್ರನ ಪ್ರಶ್ನೆಗೆ ಅವತ್ತು ಉತ್ತರ ಕೊಟ್ಟೆ. ಅವರ ನಂಬಿಕೆಯ ಒಳಗಿಂದಲೇ ಕೊಟ್ಟೆ. ಆಪ್ತಸಲಹೆಗಾರ ತನ್ನ ನಂಬಿಕೆಯನ್ನು ಬಂದವರ ಮೇಲೆ ಹೇರಬಾರದು, ಆದರೆ ಅವರ ನಂಬಿಕೆಯಲ್ಲೇ ಇರುವ ಔಷಧಿಯನ್ನು ತೆಗೆದು ಕೈಗೆ ಕೊಡಬಹುದು. ಯೋಹಾನನ ಸುವಾರ್ತೆಯ 21ನೇ ಅಧ್ಯಾಯ ತೆಗೆಯಿರಿ ಎಂದೆ. ಮೂರು ಸಲ ಅಲ್ಲಗಳೆದ ಪೇತ್ರನಿಗೆ ಯೇಸು ಮೂರು ಸಲ ಕೇಳುತ್ತಾರೆ, ನನ್ನನ್ನು ಪ್ರೀತಿಸುತ್ತೀಯಾ? ಹೌದು ಎಂದ ಮೇಲೆ ಏನು ಹೇಳುತ್ತಾರೆ? ಮಹಾಯಾಜಕನ ಅಂಗಳಕ್ಕೆ ವಾಪಸ್ ಹೋಗಿ ಎಲ್ಲರೆದುರು ನನ್ನ ಹೆಸರು ಕೂಗು ಎಂದು ಹೇಳುವುದಿಲ್ಲ. ನನ್ನ ಕುರಿಗಳನ್ನು ಮೇಯಿಸು ಎನ್ನುತ್ತಾರೆ. ನಿಮ್ಮ ಕೈಗೆ ಒಪ್ಪಿಸಿರುವವರು ಯಾರು ಮೇಡಂ?

ಅವರು ಚಾಪ್ಟರಿನ ಮೇಲೆ ಕೈ ಇಟ್ಟರು.

ಸಲಹೆ ಹೀಗಿತ್ತು. ಕಾಣಿಕೆಯನ್ನು ವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ ಎಂದು ಮತ್ತಾಯ 5ರಲ್ಲಿದೆಯಲ್ಲ, ಅದನ್ನು ಹಾಗೆಯೇ ಮಾಡಿ. ಈ ವಾರದ ಬೈಬಲ್ ಅಧ್ಯಯನವನ್ನು ಬೇರೆಯವರಿಗೆ ವಹಿಸಿ, ಆ ಸಂಜೆ ಚಾಪ್ಟರ್ ಓದಿ. ಓದಿದ ಮೇಲೆ ವಿದ್ಯಾರ್ಥಿಯನ್ನು ಕರೆಸಿ, ಅಥವಾ ಅದಕ್ಕಿಂತ ಮೇಲು, ಅವನು ಕೂರುವ ಜಾಗಕ್ಕೆ ನೀವೇ ಹೋಗಿ. ಕ್ಷಮೆ ಕೇಳುವಾಗ ಕಾರಣ ಹೇಳಬೇಡಿ. ಮನೆ ಕೆಲಸ, ಸಭೆ ಕೆಲಸ, ವಿಭಾಗದ ಕೆಲಸ ಯಾವುದೂ ಬೇಡ. ‘ನಾಲ್ಕು ತಿಂಗಳು ತಡ ಮಾಡಿದೆ, ತಪ್ಪು ನನ್ನದು, ನಿನಗೆ ಆದ ನಷ್ಟ ಸರಿಮಾಡಲು ಏನು ಬೇಕು ಹೇಳು’ ಅಷ್ಟೇ. ದೇವರ ಹೆಸರನ್ನೂ ಅಲ್ಲಿ ತರಬೇಡಿ. ತಂದರೆ, ಕ್ಷಮಿಸಲೇಬೇಕು ಎಂಬ ಭಾರ ಅವನ ಮೇಲೆ ಬೀಳುತ್ತದೆ. ಅವನು ಕ್ಷಮಿಸದಿದ್ದರೂ ಪರವಾಗಿಲ್ಲ ಎಂದು ಒಪ್ಪಿಕೊಂಡೇ ಹೋಗಿ. ಫೆಲೋಶಿಪ್ ಅವಧಿ ವಿಸ್ತರಿಸಲು ಸಾಧ್ಯವಿದ್ದರೆ ಅರ್ಜಿಯ ಜೊತೆ ತಡ ನಿಮ್ಮಿಂದಲೇ ಆಯಿತು ಎಂದು ಲಿಖಿತವಾಗಿ ಕೊಡಿ.

ಇನ್ನೂ ಒಂದೆರಡು ಮಾತಾಡಿದೆವು. ತಾವು ಏನೂ ಮಾಡದ ಪೇಪರ್‌ಗಳಲ್ಲಿ ಸಹಲೇಖಕಿಯಾಗಿ ಹೆಸರು ಹಾಕಿಸಿಕೊಳ್ಳುವುದು ಅವರ ವಿಭಾಗದಲ್ಲಿ ಮಾಮೂಲಿಯಾಗಿತ್ತು, ಅದನ್ನು ಇನ್ನು ಮುಂದೆ ಬೇಡ ಎನ್ನುತ್ತೇನೆ ಎಂದು ಅವರೇ ಹೇಳಿದರು. ಸಭೆಯ ಹಿರಿಯರಿಗೆ ಏನು ಹೇಳಲಿ ಎಂದು ಕೇಳಿದರು. ಯಾಕೋಬನ ಪತ್ರದ 3ನೇ ಅಧ್ಯಾಯದ ಮೊದಲ ವಚನ ತೋರಿಸಿ ಎಂದೆ. ಬೋಧಕರಾದವರಿಗೆ ಹೆಚ್ಚಿನ ತೀರ್ಪು ಇದೆ ಎಂಬ ಎಚ್ಚರಿಕೆ ಅದು. ಯಾಕೋಬ ಹೇಳಿದ್ದು ಸಭೆಯ ಬೋಧಕರಿಗೆ ಇರಬಹುದು, ಆದರೆ ಯಾರನ್ನಾದರೂ ತಿದ್ದುವ ಅಧಿಕಾರ ಇರುವವರೆಲ್ಲ ಅದನ್ನು ಓದಿಕೊಳ್ಳಬೇಕು ಎಂದು ನನಗನ್ನಿಸುತ್ತದೆ.

ಎರಡು ವಾರದ ಬಳಿಕ ಬಂದರು. ವಿದ್ಯಾರ್ಥಿಯ ಬಳಿ ಹೋಗಿದ್ದರು. ಅವನು ಕಂಪ್ಯೂಟರ್ ಪರದೆಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡನಂತೆ. ಕೊನೆಗೆ “ಸರಿ ಮೇಡಂ, ನಾಲ್ಕನೇ ಚಾಪ್ಟರ್ ಯಾವತ್ತು ಕೊಡಲಿ?” ಎಂದನಂತೆ. ಅಷ್ಟೇ. ನೋವಾಯಿತಾ ಎಂದೆ. “ಆಯ್ತು. ಆದ್ರೆ ಅವತ್ತು ರಾತ್ರಿ ಮಲಗಿದೆ.” ಫೆಲೋಶಿಪ್ ಅರ್ಜಿಯ ಉತ್ತರ ಇನ್ನೂ ಬಂದಿರಲಿಲ್ಲ.

ಆ ಹುಡುಗಿಯ ವಿಷಯ ಕೇಳಿದೆ. ಮುಂದಿನ ತರಗತಿಯಲ್ಲಿ ಇವರೇ, “ಅವತ್ತು ನಿನ್ನ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲಿಲ್ಲ, ಎಲ್ಲರೂ ನಗೋ ಹಾಗೆ ಮಾಡಿದೆ, ಕ್ಷಮಿಸು” ಎಂದು ಆ ಎರಡು ವಾಕ್ಯ ಹೇಳಿದ್ದರು. ತರಗತಿ ಸುಮ್ಮನಿತ್ತು. ಹುಡುಗಿ ತಲೆ ಅಲ್ಲಾಡಿಸಿ, ಲಮೇತ್ರ ಅವರ 1927ರ ಪೇಪರ್ ಎಲ್ಲಿ ಸಿಗುತ್ತದೆ ಎಂದು ಕೇಳಿದಳಂತೆ.

ಹೊರಡುವಾಗ ಬ್ಯಾಗ್ ತೆರೆದು ನನಗೆ ತೋರಿಸಿದರು. ಆ ಕಟ್ಟಿನ ಜಾಗದಲ್ಲಿ ಬೇರೊಂದು ಕಟ್ಟು ಇತ್ತು, ನಾಲ್ಕನೇ ಚಾಪ್ಟರ್. ಅರ್ಧದವರೆಗೆ ಪೆನ್ಸಿಲ್ ಗುರುತುಗಳು ತುಂಬಿದ್ದವು. “ಬಸ್ಸಲ್ಲಿ ಉಳಿದದ್ದು ಮುಗಿಸ್ತೀನಿ,” ಎಂದು ಬೇಗ ಬೇಗ ಮೆಟ್ಟಿಲಿಳಿದರು.